ಡೆಂಗಿ ಕಾರ್ಡ್ ವಿಮರ್ಶೆ: ಮೊದಲು ಜ್ವರದ ದಿನ ಕೇಳಿ, ಆಮೇಲೆ ಪೊಟ್ಟಣ ಹರಿಯಿರಿ

ಬೆಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಪ್ರತಿ ಬಡಾವಣೆಯ ಕ್ಲಿನಿಕ್, ಲ್ಯಾಬ್‌ಗಳ ಮೇಜಿನ ಮೇಲೆ ಬಂದು ಕೂರುವ ಸಾಮಾನು ಇದು, ಡೆಂಗಿ ಪತ್ತೆಹಚ್ಚುವ ರ್‍ಯಾಪಿಡ್ ಕಾರ್ಡ್. ಬೆಳ್ಳಿ ಬಣ್ಣದ ಪೊಟ್ಟಣ, ಒಳಗೆ ಅಂಗೈಗಿಂತ ಚಿಕ್ಕ ಬಿಳಿ ಪ್ಲಾಸ್ಟಿಕ್ ಕಾರ್ಡ್, ಅದರಲ್ಲಿ ಅಕ್ಕಪಕ್ಕ ಎರಡು ಪಟ್ಟಿ. ಒಂದು ಪಟ್ಟಿ ಡೆಂಗಿ ವೈರಸ್ ರಕ್ತಕ್ಕೆ ಬಿಡುವ ಎನ್‌ಎಸ್‌1 ಪ್ರೋಟೀನನ್ನು ಹುಡುಕುತ್ತದೆ. ಇನ್ನೊಂದು, ವೈರಸ್ಸಿಗೆ ಎದುರಾಗಿ ನಮ್ಮ ಮೈ ತಯಾರಿಸುವ ಐಜಿಎಂ ಮತ್ತು ಐಜಿಜಿ ಪ್ರತಿಕಾಯಗಳನ್ನು. ಕರೆಂಟ್ ಬೇಡ, ಯಂತ್ರ ಬೇಡ, 20 ನಿಮಿಷದಲ್ಲಿ ಉತ್ತರ. 2024ರ ಜುಲೈನಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳಿಗೆ ದರದ ಮಿತಿ ಹಾಕಿತು: ಎನ್‌ಎಸ್‌1 ಎಲೈಸಾಗೆ (ಲ್ಯಾಬಿನಲ್ಲಿ ಯಂತ್ರದಿಂದ ಓದುವ ರಕ್ತಪರೀಕ್ಷೆ) ₹300, ಐಜಿಎಂ ಎಲೈಸಾಗೆ ₹300, ಮೂರನ್ನೂ ನೋಡುವ ರ್‍ಯಾಪಿಡ್ ಕಾರ್ಡಿಗೆ ₹250.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಾರ್ಡ್ ಒಳ್ಳೆಯದು, ಜ್ವರದ ರೋಗಿಗಳನ್ನು ನೋಡುವ ಯಾವ ಕ್ಲಿನಿಕ್ಕಿನಲ್ಲೂ ಇರಲೇಬೇಕಾದದ್ದು. ಆದರೆ ಜ್ವರ ಎಷ್ಟನೆಯ ದಿನದ್ದು ಎಂದು ಕೇಳದೆ ಹಾಕಿದ ಕಾರ್ಡ್ ರೋಗಿಯ ದುಡ್ಡಿಗೂ ದಂಡ, ಕೆಲವೊಮ್ಮೆ ಜೀವಕ್ಕೂ ಅಪಾಯ.

ಕಾರಣ ಹೀಗಿದೆ. ಜ್ವರ ಶುರುವಾದ ದಿನವನ್ನು ಒಂದು ಎಂದು ಎಣಿಸಿ. ಎನ್‌ಎಸ್‌1 ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಐದನೆಯ ದಿನದಿಂದ ಇಳಿಯತೊಡಗುತ್ತದೆ. ಐಜಿಎಂ ನಾಲ್ಕೈದನೆಯ ದಿನಕ್ಕೆ ಕಾಣಿಸಿಕೊಂಡು ಮುಂದೆ ಎರಡು ಮೂರು ತಿಂಗಳು ಉಳಿಯುತ್ತದೆ. ಮೊದಲ ಸಲ ಡೆಂಗಿ ಬಂದವರಲ್ಲಿ ಐಜಿಜಿ ಒಂದು ವಾರ ಕಳೆದ ಮೇಲೆ ನಿಧಾನಕ್ಕೆ ಏರುತ್ತದೆ. ಹಿಂದೊಮ್ಮೆ ಬಂದುಹೋದವರಲ್ಲಿ ಜ್ವರದ ಆರಂಭದಲ್ಲೇ ಜಿಗಿಯುತ್ತದೆ. ಹಾಗಾಗಿ ಎರಡನೆಯ ದಿನ ಬರೀ ಐಜಿಎಂ ಕಾರ್ಡ್ ಹಾಕಿ ‘ಡೆಂಗಿ ಇಲ್ಲ’ ಎನ್ನುವುದೂ ತಪ್ಪು, ಏಳನೆಯ ದಿನ ಬರೀ ಎನ್‌ಎಸ್‌1 ಹಾಕಿ ‘ಇಲ್ಲ’ ಎನ್ನುವುದೂ ತಪ್ಪು. ಎರಡೂ ಪಟ್ಟಿ ಇರುವ ಜೋಡಿ ಕಾರ್ಡನ್ನೇ ಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ. ಬಿಡಿ ಎನ್‌ಎಸ್‌1 ಕಾರ್ಡಿನಲ್ಲಿ ಉಳಿಯುವ ದುಡ್ಡು ನಿಜವಾದ ಉಳಿತಾಯವಲ್ಲ.

ದಿನ ಕೇಳುವುದಕ್ಕೂ ಒಂದು ರೀತಿ ಇದೆ. ‘ಎಷ್ಟು ದಿನದಿಂದ ಜ್ವರ?’ ಎಂದರೆ ಹತ್ತರಲ್ಲಿ ಎಂಟು ಮಂದಿ ‘ಮೂರ್ನಾಲ್ಕು ದಿನ ಆಯ್ತು ಸರ್’ ಎನ್ನುತ್ತಾರೆ. ಮೂರಕ್ಕೂ ಐದಕ್ಕೂ ಈ ಕಾರ್ಡಿನಲ್ಲಿ ಬಹಳ ಅಂತರ. ‘ಕೊನೆಯ ಸಲ ಕೆಲಸಕ್ಕೆ ಹೋಗಿದ್ದು ಯಾವತ್ತು?’, ‘ಮೊದಲು ಚಳಿ ಬಂದಿದ್ದು ಭಾನುವಾರ ರಾತ್ರಿನಾ, ಸೋಮವಾರ ಬೆಳಿಗ್ಗೆನಾ ಅಮ್ಮ?’ ಎಂದು ಕೇಳಿದರೆ ಸರಿಯಾದ ದಿನ ಹೊರಗೆ ಬರುತ್ತದೆ. ಆ ಸಂಖ್ಯೆಯನ್ನು ಪೆನ್ನಿನಲ್ಲಿ ಕಾರ್ಡಿನ ಮೇಲೆಯೇ ಬರೆಯಿರಿ, ರಿಪೋರ್ಟಿನಲ್ಲೂ ಬರೆಯಿರಿ.

ಇನ್ನು ಒಳಗೆ ಏನಿದೆ ನೋಡೋಣ. ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಒಂದರ ಮೇಲೊಂದು ತುಸು ಅತಿಕ್ರಮಿಸಿದ ನಾಲ್ಕು ತುಂಡಿನ ಉದ್ದನೆಯ ಪಟ್ಟಿ ಸಿಗುತ್ತದೆ. ರಕ್ತದ ಮಾದರಿ ಬೀಳುವ ಹೀರುಕಾಗದ, ಬಂಗಾರದ ನ್ಯಾನೊ ಕಣ ಅಂಟಿಸಿದ ಪ್ರತಿಕಾಯಗಳನ್ನು ಒಣಗಿಸಿಟ್ಟ ಗುಲಾಬಿ ತುಂಡು, ಗೆರೆಗಳು ಮೂಡುವ ನೈಟ್ರೋಸೆಲ್ಯುಲೋಸ್ ಪೊರೆ, ಕೊನೆಯಲ್ಲಿ ಎಲ್ಲವನ್ನೂ ಎಳೆದುಕೊಳ್ಳುವ ದಪ್ಪ ಕಾಗದ. ಕೆಂಪು ಗೆರೆಯ ಬಣ್ಣ ಬಂಗಾರದ್ದೇ. ಅಷ್ಟು ಸಣ್ಣ ಕಣವಾದಾಗ ಬಂಗಾರ ಹಳದಿಯಾಗಿ ಕಾಣದೆ ದ್ರಾಕ್ಷಾರಸದ ಕೆಂಪಾಗಿ ಕಾಣುತ್ತದೆ. ಎನ್‌ಎಸ್‌1 ಪಟ್ಟಿಯಲ್ಲಿ ಒಂದು ಪ್ರತಿಕಾಯ ಬಂಗಾರದ ಮೇಲೆ, ಇನ್ನೊಂದು ಫಲಿತಾಂಶ ತೋರಿಸುವ ‘ಟಿ’ ಗೆರೆಯಲ್ಲಿ ಇರುತ್ತದೆ. ನಡುವೆ ಎನ್‌ಎಸ್‌1 ಬಂದು ಎರಡನ್ನೂ ಹಿಡಿದುಕೊಂಡರೆ ಬಂಗಾರ ಅಲ್ಲೇ ನಿಲ್ಲುತ್ತದೆ, ಗೆರೆ ಮೂಡುತ್ತದೆ.

ಪ್ರತಿಕಾಯದ ಪಟ್ಟಿ ಕೆಲಸ ಮಾಡುವ ಬಗೆ ಬೇರೆ, ತಪ್ಪುಗಳು ಹೆಚ್ಚು ನಡೆಯುವುದೂ ಇಲ್ಲೇ. ಇದರ ‘ಎಂ’ ಗೆರೆ ಮನುಷ್ಯನ ಯಾವುದೇ ಐಜಿಎಂ ಬಂದರೂ ಹಿಡಿಯುತ್ತದೆ, ‘ಜಿ’ ಗೆರೆ ಯಾವುದೇ ಐಜಿಜಿಯನ್ನು. ಹಿಡಿದದ್ದು ಡೆಂಗಿಯದ್ದಾಗಿದ್ದರೆ ಮಾತ್ರ ಬಂಗಾರ ಲೇಪಿಸಿದ ಡೆಂಗಿ ಪ್ರೋಟೀನು ಜೊತೆಗೆ ಅಂಟಿ ಬಣ್ಣ ಬರುತ್ತದೆ. ಒಂದು ಮಿಲಿಲೀಟರ್ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಸುಮಾರು 10 ಮಿಲಿಗ್ರಾಂ ಐಜಿಜಿ, 1 ಮಿಲಿಗ್ರಾಂ ಐಜಿಎಂ ಇರುತ್ತವೆ. ಅದರಲ್ಲಿ ಬಹುಪಾಲಿಗೆ ಡೆಂಗಿಯ ಸಂಬಂಧವೇ ಇಲ್ಲ. ಈ ಪಟ್ಟಿಗೆ ಬೇಕಾದ ಮಾದರಿ ಬರೀ 10 ಮೈಕ್ರೋಲೀಟರ್. ಅದರ ಬದಲು ಒಂದು ಹನಿ, ಅಂದರೆ ಮೂರು ಪಟ್ಟು, ಬಿಟ್ಟರೆ ಸಂಬಂಧವಿಲ್ಲದ ಪ್ರತಿಕಾಯಗಳೇ ಗೆರೆಯ ಜಾಗವನ್ನೆಲ್ಲ ತುಂಬುತ್ತವೆ. ನಿಜವಾದ ಡೆಂಗಿ ಐಜಿಎಂಗೆ ಕೂರಲು ಜಾಗ ಸಿಗುವುದಿಲ್ಲ, ಗೆರೆ ಮಸುಕಾಗುತ್ತದೆ ಅಥವಾ ಬರುವುದೇ ಇಲ್ಲ. ‘ರಕ್ತ ಜಾಸ್ತಿ ಹಾಕಿದರೆ ಗೆರೆ ಚೆನ್ನಾಗಿ ಬರುತ್ತೆ’ ಎಂಬ ನಂಬಿಕೆ ಲ್ಯಾಬ್ ಹುಡುಗರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಈ ಒಂದು ಮಾತನ್ನು ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಪೆಟ್ಟಿಗೆಯೊಳಗೆ ಕೊಡುವ ಪುಟ್ಟ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. 10 ಮೈಕ್ರೋಲೀಟರ್‌ಗೆ ಒಂದು ಸಣ್ಣ ಗೆರೆ ಇರುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ತುದಿಗೆ ಅಂಟಿದ ರಕ್ತವನ್ನು ಒರೆಸಿಯೇ ಕಾರ್ಡಿನ ಗುಂಡಿಗೆ (ಮಾದರಿ ಬಿಡುವ ಕುಳಿಗೆ) ತಾಗಿಸಬೇಕು. ಹೊರಗೆ ಅಂಟಿದ ಒಂದು ಪುಟ್ಟ ಹನಿಯೇ ಅಳತೆಯನ್ನು ಒಂದೂವರೆ ಪಟ್ಟು ಮಾಡುತ್ತದೆ. ಮೈಕ್ರೋಪಿಪೆಟ್ ಇದ್ದವರು ನಳಿಗೆಯನ್ನು ಮರೆತುಬಿಡಿ, ಪಿಪೆಟ್ಟನ್ನೇ ಬಳಸಿ.

ಅಳತೆಗೆ ಉದಾಹರಣೆಯಾಗಿ ಬಹಳ ಕಡೆ ಸಿಗುವ ಬಯೋಲೈನ್ ಡೆಂಗಿ ಡ್ಯುಯೊವನ್ನೇ ತೆಗೆದುಕೊಳ್ಳಿ. ಎನ್‌ಎಸ್‌1 ಗುಂಡಿಗೆ ಮೂರು ಹನಿ ಮಾದರಿ, ಅಂದರೆ ಸುಮಾರು 100 ಮೈಕ್ರೋಲೀಟರ್; ಇದಕ್ಕೆ ಬಫರ್ (ಮಾದರಿಯನ್ನು ಪಟ್ಟಿಯಲ್ಲಿ ಹರಿಸಲು ಪೆಟ್ಟಿಗೆಯಲ್ಲಿ ಕೊಡುವ ದ್ರವ) ಬೇಡ. ಪ್ರತಿಕಾಯದ ಪಟ್ಟಿಯ ಚೌಕ ಗುಂಡಿಗೆ 10 ಮೈಕ್ರೋಲೀಟರ್ ಮಾದರಿ, ದುಂಡು ಗುಂಡಿಗೆ ನಾಲ್ಕು ಹನಿ ಬಫರ್. 15ರಿಂದ 20 ನಿಮಿಷದೊಳಗೆ ಓದಬೇಕು. ಬೇರೆ ಕಂಪನಿಯ ಕಾರ್ಡಿನಲ್ಲಿ ಹನಿಗಳ ಲೆಕ್ಕ ಬೇರೆ, ಕೆಲವದರಲ್ಲಿ ಎನ್‌ಎಸ್‌1ಗೂ ಬಫರ್ ಬೇಕು. ಬ್ರ್ಯಾಂಡ್ ಬದಲಾದ ದಿನವೇ ಲ್ಯಾಬಿನಲ್ಲಿ ಅತಿ ಹೆಚ್ಚು ಕಾರ್ಡ್ ಹಾಳಾಗುತ್ತವೆ, ಏಕೆಂದರೆ ಕೈಗೆ ಹಳೆಯ ಲೆಕ್ಕವೇ ಅಭ್ಯಾಸ. ಒಂದು ಪೆಟ್ಟಿಗೆಯ ಬಫರನ್ನು ಇನ್ನೊಂದರ ಕಾರ್ಡಿಗೆ ಬಳಸಲೇಬೇಡಿ. ಉಪ್ಪಿನಂಶ, ಡಿಟರ್ಜೆಂಟ್ ಎರಡೂ ಬೇರೆಯಾಗಿ, ಇಲ್ಲದ ಗೆರೆ ಮೂಡುವುದೂ ಉಂಟು.

ಬಫರ್ ಬಾಟಲಿಯನ್ನು ನೆಟ್ಟಗೆ, ಕಾರ್ಡಿಗೆ 90 ಡಿಗ್ರಿಯಲ್ಲಿ ಹಿಡಿಯಿರಿ. ಓರೆ ಹಿಡಿದರೆ ಹನಿ ಸಣ್ಣದಾಗುತ್ತದೆ, ಮೂತಿಯಲ್ಲಿ ಗುಳ್ಳೆ ಕಟ್ಟಿದರೆ ಅರ್ಧ ಹನಿಯೇ ಬೀಳುತ್ತದೆ. ಮೊದಲ ಹನಿಯನ್ನು ಹತ್ತಿಯ ಮೇಲೆ ಬಿಟ್ಟು, ಗುಳ್ಳೆ ಹೋದ ಮೇಲೆ ಎಣಿಸಲು ಶುರುಮಾಡಿ.

ಮಾದರಿ ಯಾವುದಿರಬೇಕು? ಸೀರಂ ಅಥವಾ ಪ್ಲಾಸ್ಮಾ (ಹೆಪ್ಪುಗಟ್ಟದ ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ದ್ರವ). ಬೆರಳು ಚುಚ್ಚಿದ ಇಡೀ ರಕ್ತ ನಡೆಯುತ್ತದೆಂದು ಪೆಟ್ಟಿಗೆಯೊಳಗಿನ ಸೂಚನೆಯ ಕಾಗದದಲ್ಲಿ ಬರೆದಿದ್ದರೂ ಎನ್‌ಎಸ್‌1ಗೆ ಬೇಕಾದ 100 ಮೈಕ್ರೋಲೀಟರ್ ಬೆರಳಿನಿಂದ ಬರಬೇಕೆಂದರೆ ಹಿಂಡಲೇಬೇಕು. ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ, ಕೆಂಪು ಕಣ ಒಡೆಯುತ್ತದೆ, ಕಾರ್ಡಿನ ಕಿಟಕಿಯೆಲ್ಲ ಕೆಂಪಾಗಿ ತೆಳು ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ಡೆಂಗಿ ಶಂಕೆ ಇದ್ದವರಿಗೆ ಪ್ಲೇಟ್‌ಲೆಟ್ ಲೆಕ್ಕಕ್ಕೆ ಹೇಗೂ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ತೆಗೆಯುತ್ತೀರಿ. ಮೊದಲು ಸಿಬಿಸಿ (ರಕ್ತಕಣಗಳ ಪೂರ್ತಿ ಲೆಕ್ಕ) ಹಾಕಿಕೊಳ್ಳಿ, ಆಮೇಲೆ ಅದೇ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 10 ನಿಮಿಷ ತಿರುಗಿಸಿ ಮೇಲಿನ ಪ್ಲಾಸ್ಮಾವನ್ನು ಕಾರ್ಡಿಗೆ ಬಳಸಿ. ಅದಲುಬದಲು ಮಾಡಬೇಡಿ, ತಿರುಗಿಸಿದ ಟ್ಯೂಬಿನಲ್ಲಿ ಮಾಡಿದ ಸಿಬಿಸಿಯನ್ನು ನಂಬುವಂತಿಲ್ಲ. ಮಕ್ಕಳ ವಿಷಯದಲ್ಲಿ ಇದು ದೊಡ್ಡ ಅನುಕೂಲ, ಒಂದೇ ಚುಚ್ಚು ಸಾಕು.

ಓದುವ ಹೊತ್ತಿನಲ್ಲಿ ನಡೆಯುವ ತಪ್ಪು ಇನ್ನೊಂದು ಬಗೆ. ಟ್ಯೂಬ್‌ಲೈಟಿನ ಕೆಳಗೆ, ಕಾರ್ಡನ್ನು ಮೇಜಿನ ಮೇಲೆ ಸಮತಟ್ಟಾಗಿ ಇಟ್ಟು ನೋಡಿ. ಕೂದಲೆಳೆಯಷ್ಟು ತೆಳುವಾದ ಗುಲಾಬಿ ಗೆರೆ, ಅಂಚಿನಿಂದ ಅಂಚಿಗೆ ಪೂರ್ತಿ ಇದ್ದು, ಬಣ್ಣವಿದ್ದು, 20 ನಿಮಿಷದೊಳಗೆ ಬಂದಿದ್ದರೆ ಅದು ಪಾಸಿಟಿವ್. ಗೆರೆ ಗಾಢವೋ ತೆಳುವೋ ಎಂಬುದರಿಂದ ಕಾಯಿಲೆ ಎಷ್ಟು ಜೋರು ಎಂದು ಹೇಳಲಾಗದು. ಬಣ್ಣವಿಲ್ಲದ ಬೂದು ನೆರಳು, ಅರ್ಧ ಗಂಟೆ ಕಳೆದ ಮೇಲೆ ಬಂದದ್ದಾದರೆ, ಪಟ್ಟಿ ಒಣಗುತ್ತ ಬಂದಾಗ ಉಳಿದ ಗುರುತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಫ್ಯಾನಿನ ಕೆಳಗೆ ಇಟ್ಟ ಕಾರ್ಡಿನಲ್ಲಿ ಈ ನೆರಳು ಬೇಗ ಬರುತ್ತದೆ. ಹತ್ತು ಕಾರ್ಡ್ ಸಾಲಾಗಿ ಹಾಕಿ ಊಟಕ್ಕೆ ಹೋಗಿ ಬಂದು ಓದುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಪ್ರತಿ ಕಾರ್ಡಿನ ಮೇಲೂ ಹಾಕಿದ ಗಂಟೆ, ನಿಮಿಷ ಬರೆಯಿರಿ.

‘ಸಿ’ (ಕಂಟ್ರೋಲ್) ಗೆರೆ ಬಂದರೆ ಟೆಸ್ಟ್ ಸರಿ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಪ್ರತಿಕಾಯದ ಪಟ್ಟಿಯಲ್ಲಿ ರೋಗಿಯ ಮಾದರಿ ಹಾಕುವುದನ್ನೇ ಮರೆತು ಬರೀ ಬಫರ್ ಹಾಕಿದರೂ ‘ಸಿ’ ಗೆರೆ ಅಂದವಾಗಿ ಮೂಡುತ್ತದೆ. ದ್ರವ ಹರಿಯಿತು, ಬಂಗಾರದ ಕಣ ಹಾಳಾಗಿಲ್ಲ, ಇಷ್ಟನ್ನೇ ಅದು ಹೇಳುವುದು. ಜ್ವರದ ಸಾಲು ಬಾಗಿಲಾಚೆ ನಿಂತ ದಿನ ಹೀಗೆ ಮರೆಯುವುದು ಸುಲಭ. ಒಂದು ಕಾರ್ಡಿಗೆ ಮಾದರಿ, ಬಫರ್ ಎರಡನ್ನೂ ಹಾಕಿ ಮುಗಿಸಿದ ಮೇಲೆಯೇ ಮುಂದಿನ ಕಾರ್ಡನ್ನು ಮುಟ್ಟಬೇಕು. ಎಲ್ಲದಕ್ಕೂ ಮಾದರಿ ಹಾಕಿ, ಆಮೇಲೆ ಎಲ್ಲದಕ್ಕೂ ಬಫರ್ ಹಾಕುವುದು ಬೇಡ.

ಫಲಿತಾಂಶದ ಅರ್ಥ. ಎನ್‌ಎಸ್‌1 ಗೆರೆ ಬಂದರೆ ಈಗಿನ ಜ್ವರ ಡೆಂಗಿಯದ್ದೇ ಎನ್ನಲು ಬಲವಾದ ಆಧಾರ. ಐಜಿಎಂ ಒಂದೇ ಬಂದರೆ ಈಗಿನದ್ದಿರಬಹುದು, ಎರಡು ತಿಂಗಳ ಹಿಂದಿನದ್ದೂ ಇರಬಹುದು; ಜಪಾನೀಸ್ ಎನ್‌ಸೆಫಲೈಟಿಸ್, ಝೀಕಾ ವೈರಸ್‌ಗಳೂ ಇದೇ ಕುಟುಂಬದವಾದ್ದರಿಂದ ಅವುಗಳ ಪ್ರತಿಕಾಯ ಈ ಗೆರೆಗೆ ಅಂಟುವುದುಂಟು. ಕರ್ನಾಟಕದಲ್ಲಿ ಝೀಕಾ 2022ರ ಡಿಸೆಂಬರಿನಲ್ಲಿ ರಾಯಚೂರಿನ ಮಗುವೊಂದರಲ್ಲಿ ಸಿಕ್ಕಿತ್ತು, ಮರುವರ್ಷ ಚಿಕ್ಕಬಳ್ಳಾಪುರದ ಕಡೆ ಸೊಳ್ಳೆಗಳಲ್ಲಿ ಕಂಡುಬಂತು. ಐಜಿಜಿ ಗೆರೆಯ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವು ಕಾರ್ಡುಗಳಲ್ಲಿ ಐಜಿಜಿ ತುಂಬ ಏರಿದ್ದರೆ ಮಾತ್ರ, ಅಂದರೆ ಎರಡನೆಯ ಸಲದ ಸೋಂಕಿನಲ್ಲಿ ಮಾತ್ರ, ಗೆರೆ ಬರುವಂತೆ ಮಟ್ಟ ಇಟ್ಟಿರುತ್ತಾರೆ. ಇನ್ನು ಕೆಲವದರಲ್ಲಿ ವರ್ಷಗಳ ಹಿಂದಿನದ್ದಕ್ಕೂ ಬರುತ್ತದೆ. ಕಾಗದ ಓದದೆ ‘ಐಜಿಜಿ ಪಾಸಿಟಿವ್, ಡೆಂಗಿ’ ಎಂದು ರಿಪೋರ್ಟ್ ಕೊಡುವುದು ಅನ್ಯಾಯ.

ನೆಗೆಟಿವ್ ಬಂದರೆ? ಇದೇ ಈ ಕಾರ್ಡಿನ ದೊಡ್ಡ ಕೊರತೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಂದಾಗ ಹಳೆಯ ಐಜಿಜಿ ಎನ್‌ಎಸ್‌1ಗೆ ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತದೆ, ಕಾರ್ಡಿನ ಪ್ರತಿಕಾಯಕ್ಕೆ ಹಿಡಿಯಲು ಜಾಗ ಸಿಗುವುದಿಲ್ಲ. ಜೋರಾಗುವ ಸಂಭವ ಹೆಚ್ಚಿರುವುದು ಈ ಎರಡನೆಯ ಸಲದ ಡೆಂಗಿಯೇ. ಎನ್‌ಎಸ್‌1 ಕಾರ್ಡಿನಿಂದ ಹೆಚ್ಚಾಗಿ ತಪ್ಪಿಸಿಕೊಳ್ಳುವುದೂ ಅದೇ.

ಒಂದು ಲೆಕ್ಕ ಹಾಕಿ ನೋಡಿ. ಕಾರ್ಡ್ ನಿಜವಾದ ಡೆಂಗಿಯಲ್ಲಿ ಶೇ 70ನ್ನು ಹಿಡಿಯುತ್ತದೆ, ಡೆಂಗಿ ಇಲ್ಲದವರಲ್ಲಿ ಶೇ 3 ಮಂದಿಗೆ ಸುಳ್ಳು ಗೆರೆ ತೋರಿಸುತ್ತದೆ ಎಂದುಕೊಳ್ಳಿ. ಮಳೆಗಾಲದ ಏರಿಕೆಯಲ್ಲಿ ಸಾವಿರ ಜ್ವರಗಳಲ್ಲಿ 400 ಡೆಂಗಿ ಇದ್ದರೆ, 280 ನಿಜ ಪಾಸಿಟಿವ್, 18 ಸುಳ್ಳು. ಗೆರೆಯನ್ನು ಧೈರ್ಯವಾಗಿ ನಂಬಬಹುದು, ಆದರೆ 120 ಮಂದಿ ಡೆಂಗಿ ಇದ್ದೂ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಫೆಬ್ರುವರಿಯಲ್ಲಿ ಅದೇ ಸಾವಿರದಲ್ಲಿ 50 ಮಾತ್ರ ಡೆಂಗಿ ಇದ್ದರೆ, 35 ನಿಜ, 28ರಿಂದ 29 ಸುಳ್ಳು. ಗೆರೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬೇರೇನೋ ಕಾಯಿಲೆ. ಒಂದೇ ಕಾರ್ಡ್, ಅದೇ ಕೈ, ಕಾಲ ಬದಲಾದರೆ ಗೆರೆಯ ಬೆಲೆಯೂ ಬದಲಾಗುತ್ತದೆ.

ಡೆಂಗಿಯಂಥ ಕಾಯಿಲೆಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿ ಕಾರ್ಡ್ ಪಾಸಿಟಿವನ್ನು ‘ಸಂಭಾವ್ಯ ಡೆಂಗಿ’ ಎಂದೇ ಇಟ್ಟಿರುವುದು ಇದಕ್ಕೆ. ದೃಢಪಡಿಸಲು ಮೊದಲ ಐದು ದಿನದಲ್ಲಿ ಎನ್‌ಎಸ್‌1 ಎಲೈಸಾ, ಆಮೇಲೆ ಐಜಿಎಂ ಹುಡುಕುವ ಮ್ಯಾಕ್ ಎಲೈಸಾ. ಗುರುತಿಸಿದ ಸರ್ಕಾರಿ ಸೆಂಟಿನೆಲ್ (ಕಾಯಿಲೆಯ ಮೇಲೆ ನಿಗಾ ಇಡುವ) ಆಸ್ಪತ್ರೆಗಳಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಐಜಿಎಂ ಕಿಟ್ ಬರುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಉನ್ನತ ರೆಫರಲ್ ಲ್ಯಾಬ್. ಆದರೆ ಎಲೈಸಾ ತಟ್ಟೆಯಲ್ಲಿ 96 ಗುಂಡಿ. ಸಾಕಷ್ಟು ಮಾದರಿ ಸೇರುವ ತನಕ ತಟ್ಟೆ ಹಚ್ಚುವುದಿಲ್ಲ, ಹಚ್ಚಿದ ಮೇಲೂ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆ ಏಳಕ್ಕೆ ಬಂದ ಜ್ವರದ ಮಗುವಿಗೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನಿರ್ಧರಿಸಲು ಕಾರ್ಡೇ ಬೇಕು. ಹಾಗಾಗಿ ಇದನ್ನು ಎಲೈಸಾಗೆ ಬದಲಿ ಎಂದುಕೊಳ್ಳದೆ, ಎಲೈಸಾ ಬರುವ ತನಕದ ದಾರಿ ಎಂದೇ ಕೊಳ್ಳಿ.

ರೋಗಿಯ ಮನೆಯವರಿಗೆ ಒಂದು ಮಾತು. ಐದಾರನೆಯ ದಿನ ಜ್ವರ ಇಳಿಯುತ್ತದೆ, ಅದೇ ಹೊತ್ತಿಗೆ ಎನ್‌ಎಸ್‌1 ಕೂಡ ನೆಗೆಟಿವ್ ಆಗುವುದುಂಟು. ‘ವಾಸಿಯಾಯ್ತು’ ಎಂದು ಅನಿಸುವುದು ಸಹಜ. ಆದರೆ ರಕ್ತನಾಳದಿಂದ ಪ್ಲಾಸ್ಮಾ ಸೋರುವುದು, ಬಿಪಿ ಬೀಳುವುದು ಹೆಚ್ಚಾಗಿ ಜ್ವರ ಇಳಿದ ಈ ಒಂದೆರಡು ದಿನಗಳಲ್ಲೇ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ಮೂಗಿನಲ್ಲಿ ರಕ್ತ, ತೀರಾ ಸುಸ್ತು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವು ಕಂಡರೆ ಕಾರ್ಡಿನಲ್ಲಿ ಏನೇ ಬಂದಿರಲಿ, ಆಸ್ಪತ್ರೆಗೆ ಹೊರಡಿ. ಈ ದಿನಗಳಲ್ಲಿ ಕಾರ್ಡನ್ನು ಮತ್ತೆ ಹಾಕಿಸಿ ಪ್ರಯೋಜನವಿಲ್ಲ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಪ್ಲೇಟ್‌ಲೆಟ್, ಬಿಪಿ ನೋಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ.

ಅದೇ ಈಡಿಸ್ ಸೊಳ್ಳೆ ಹರಡುವ ಚಿಕುನ್‌ಗುನ್ಯದ ರ್‍ಯಾಪಿಡ್ ಕಾರ್ಡಿಗೆ ನಾವು ಕಡಿಮೆ ಅಂಕ ಕೊಡುತ್ತೇವೆ. ಅದರಲ್ಲಿ ಸಾಮಾನ್ಯವಾಗಿ ಐಜಿಎಂ ಮಾತ್ರ ಇರುವುದರಿಂದ ಮೊದಲ ನಾಲ್ಕೈದು ದಿನ ಅದು ಬಹುತೇಕ ಮೂಕ. ಕೀಲು ಹಿಡಿದುಕೊಂಡು ಎರಡನೆಯ ದಿನವೇ ಬಂದವರಿಗೆ ವೈರಸ್ಸಿನ ಜೀನನ್ನೇ ಹುಡುಕುವ ಪಿಸಿಆರ್ ಬಿಟ್ಟರೆ ನಂಬುವ ದಾರಿ ಇಲ್ಲ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಇಲ್ಲಿ ನೆನಪಾಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪಿಸಿಆರ್ ಯಂತ್ರ, ಚಿಪ್ ಬದಲಿಸಿದರೆ ಕಾಯಿಲೆ ಬದಲಿಸಿ ನೋಡಬಹುದು; ಡೆಂಗಿಗೂ ಚಿಪ್ ಇದೆ. ಆದರೆ ಯಂತ್ರದ ಬಂಡವಾಳ, ಚಿಪ್ಪಿನ ಖರ್ಚು ಎರಡೂ ಸಣ್ಣ ಕ್ಲಿನಿಕ್ಕಿಗೆ ಭಾರ.

ಗ್ಲುಕೋಮೀಟರಿನಂತೆ ಒಂದು ಹನಿ ರಕ್ತಕ್ಕೆ ಸಂಖ್ಯೆ ತೋರಿಸುವ ಡೆಂಗಿ ಮೀಟರ್ ಯಾಕಿಲ್ಲ ಎಂದು ಕೇಳುವವರಿದ್ದಾರೆ. ರಕ್ತದಲ್ಲಿ ಗ್ಲುಕೋಸ್ ಮಿಲಿಲೀಟರಿಗೆ ಸುಮಾರು 900 ಮೈಕ್ರೋಗ್ರಾಂ ಇರುತ್ತದೆ. ಎನ್‌ಎಸ್‌1 ನ್ಯಾನೋಗ್ರಾಂನಿಂದ (ಮೈಕ್ರೋಗ್ರಾಂನ ಸಾವಿರದಲ್ಲಿ ಒಂದು ಪಾಲು) ಶುರುವಾಗಿ ಕೆಲವು ಮೈಕ್ರೋಗ್ರಾಂ ತನಕ. ಅಷ್ಟು ಕಡಿಮೆಯದನ್ನು ಹಿಡಿಯಲು ಎಲೆಕ್ಟ್ರೋಡಿನ ಮೇಲೆ ಪ್ರತಿಕಾಯ ಕೂರಿಸುತ್ತಾರೆ. ಶುದ್ಧ ಬಫರಿನಲ್ಲಿ ಅದು ಸೊಗಸಾಗಿ ನಡೆಯುತ್ತದೆ. ನಿಜವಾದ ಸೀರಂ ಹಾಕಿದ ಕೂಡಲೇ ಆಲ್ಬುಮಿನ್ ಮೊದಲಾದ ಪ್ರೋಟೀನುಗಳು ಮೇಲ್ಮೈಯನ್ನೆಲ್ಲ ಮೆತ್ತಿಕೊಂಡು ಸಂಕೇತವನ್ನು ನುಂಗುತ್ತವೆ. ಇದನ್ನು ತಡೆಯುವ ಲೇಪನ, ತಿಂಗಳುಗಟ್ಟಲೆ ಕೆಡದ ಪ್ರತಿಕಾಯ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ಒಂದೇ ಓದು, ಈ ಮೂರೂ ಕಡಿಮೆ ಬೆಲೆಯಲ್ಲಿ ಕೂಡಿಬಂದಾಗ ಆ ಮೀಟರ್ ಕ್ಲಿನಿಕ್ಕಿಗೆ ಬರುತ್ತದೆ. ಅಲ್ಲಿಯ ತನಕ ಬಂಗಾರದ ಗೆರೆಯೇ ಗತಿ.

ಕೊಳ್ಳುವಾಗ ನೋಡಬೇಕಾದದ್ದು ಕೆಲವಿದೆ. ಪೆಟ್ಟಿಗೆಯ ಮೇಲೆ ಲೈಸೆನ್ಸ್ ಸಂಖ್ಯೆ, ಲಾಟ್ (ಬ್ಯಾಚ್) ಸಂಖ್ಯೆ, ಮುಗಿಯುವ ದಿನಾಂಕ ಇರಲಿ. ಮೂರು ತಿಂಗಳೊಳಗೆ ಮುಗಿಯುವುದನ್ನು ರಿಯಾಯಿತಿಗೆ ಕೊಟ್ಟರೂ ಮಳೆಗಾಲಕ್ಕೆ ಮುಂಚೆ ರಾಶಿ ಹಾಕಿಕೊಳ್ಳಬೇಡಿ. ಹೆಚ್ಚಿನ ಕಾರ್ಡುಗಳಿಗೆ ಮೇಲಿನ ಮಿತಿ 30 ಡಿಗ್ರಿ. ಬೆಂಗಳೂರು ತಂಪೂರು ಎಂದು ಮೈಮರೆಯಬೇಡಿ; ಏಪ್ರಿಲ್‌ನಲ್ಲಿ ಹೊರಗೆ 35 ದಾಟುತ್ತದೆ, ಶೀಟಿನ ಮನೆಯ ಕಪಾಟಿನೊಳಗೆ, ಬೈಕಿನ ಡೆಲಿವರಿ ಡಬ್ಬಿಯೊಳಗೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಸರಕು ಬೆಳಿಗ್ಗೆಯೇ ತರಿಸಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಪೊಟ್ಟಣ ಹರಿಯುವ ಅರ್ಧ ಗಂಟೆ ಮೊದಲೇ ಹೊರಗೆ ಇಡಿ, ಇಲ್ಲವಾದರೆ ತಣ್ಣನೆಯ ಪಟ್ಟಿಯ ಮೇಲೆ ಗಾಳಿಯ ನೀರು ಇಳಿದು ಮಾದರಿ ಹಾಕುವ ಮೊದಲೇ ಬಂಗಾರದ ತುಂಡು ನೆನೆಯುತ್ತದೆ. ಒಳಗಿನ ಸಿಲಿಕಾ ಜೆಲ್ ಬಣ್ಣ ಬದಲಿಸುವ ಬಗೆಯದ್ದಾಗಿದ್ದು, ಅದು ಬದಲಾಗಿದ್ದರೆ ಆ ಕಾರ್ಡ್ ಎಸೆಯಿರಿ. ಹೊಸ ಲಾಟ್ ಬಂದಾಗಲೆಲ್ಲ, ಎಲೈಸಾದಲ್ಲಿ ಖಚಿತವಾದ ಒಂದು ಪಾಸಿಟಿವ್, ಒಂದು ನೆಗೆಟಿವ್ ಸೀರಂ ಹಾಕಿ ನೋಡಿಯೇ ರೋಗಿಗಳಿಗೆ ತೆರೆಯಿರಿ. ಎರಡು ಕಾರ್ಡ್ ಖರ್ಚಾಗುತ್ತದೆ, ಆಗಲಿ.

ಕಂಪನಿಗಳಿಂದ ನಾವು ಕೇಳುವುದು ಎರಡು ಬದಲಾವಣೆ. ಒಳಗಿನ ಕಾಗದ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿದೆ. ಹನಿಗಳ ಲೆಕ್ಕ, ಓದುವ ಸಮಯ, ಈ ಎರಡನ್ನಾದರೂ ದಪ್ಪ ಕನ್ನಡ ಅಕ್ಷರದಲ್ಲಿ ಪೊಟ್ಟಣದ ಮೇಲೆಯೇ ಅಚ್ಚುಹಾಕಲಿ. ಮತ್ತೆ ಕಾರ್ಡಿನ ಹಿಡಿಯುವ ತುದಿಯಲ್ಲಿ ಈಗ ರೋಗಿಯ ಹೆಸರಿಗೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅದರ ಪಕ್ಕ ‘ಜ್ವರದ ದಿನ’ ಎಂದು ಒಂದು ಚೌಕ, ‘ಹಾಕಿದ ಸಮಯ’ ಎಂದು ಇನ್ನೊಂದು ಚೌಕ ಬರಲಿ.